ಕಾರಿನ ಕಲಾಯಿ

ಹಿಮ ಬೀಳುವ ಅಮೆರಿಕದ ಊರುಗಳಲ್ಲಿ ಕಾರಿಗೆ ಹೀಟರ್ ಬೇಕೇ ಬೇಕು. ಎಂಜಿನ್ನಿನ ಬಿಸಿನೀರು ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ, ಫ್ಯಾನು ಆ ಬಿಸಿಯನ್ನು ಒಳಕ್ಕೆ ಊದುತ್ತದೆ. ಇದೇ ಹೀಟರ್ ಕೋರ್. 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗಿನಲ್ಲಿ ಅದು ತಾಮ್ರ-ಹಿತ್ತಾಳೆಯದು, ಸೀಸ-ತವರದ ಬೆಸುಗೆಯದು. ಸೋರಿದರೆ ಬೆಸುಗೆಯವನು ಸರಿಮಾಡಿ ಕೊಡುತ್ತಿದ್ದ, ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನಂತೆ.

ಅಲ್ಯೂಮಿನಿಯಂ ಕಾರಿಗೆ ಬಂದದ್ದೂ ನಮ್ಮ ಅಡುಗೆಮನೆಗೆ ಬಂದ ಹಾಗೆಯೇ, ಹಗುರ, ಅಗ್ಗ ಎಂದು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅದನ್ನು ತೆಗೆಯುವ ದಾರಿ ಕಂಡ ಮೇಲೆ ಬೆಲೆ ಇಳಿಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಕಾರಿನ ತೂಕ ಇಳಿಸುವ ಆತುರದಲ್ಲಿ ರೇಡಿಯೇಟರುಗಳೂ ಅದರವೇ ಆಗತೊಡಗಿದವು. ಸೋರಿದರೆ ಮಾತ್ರ ಹೆಚ್ಚಾಗಿ ಬಿಸಾಡುವುದೇ.

ಹಳೆಯ ಮಸ್ಟಾಂಗಿಗೆ ಈಗ ಎರಡೂ ಸಿಗುತ್ತವೆ. ಬಿಸಿಯಲ್ಲಿ ಅಂಥ ವ್ಯತ್ಯಾಸ ಕಾಣದು, ನೋಡಬೇಕಾದ್ದು ನೀರು. ಅದಕ್ಕೆ ಬೆರೆಸಿದ ಕೂಲೆಂಟು ಹಳತಾಗಿ ಸತ್ವ ಕಳೆದುಕೊಂಡರೆ, ತಾಮ್ರದ ಜೊತೆ ಒಂದೇ ನೀರಿನಲ್ಲಿರುವ ಅಲ್ಯೂಮಿನಿಯಮ್ಮಿಗೇ ಮೊದಲು ತೂತು. ಹೊಸ ಬಗೆಯ ಕೆಲವು ಕೂಲೆಂಟುಗಳು ಸೀಸದ ಬೆಸುಗೆಗೆ ಒಗ್ಗವು. ರೇಡಿಯೇಟರು ತಾಮ್ರದ್ದಿದ್ದರೆ ಕೋರೂ ತಾಮ್ರದ್ದಿರಲಿ, ಕೂಲೆಂಟೂ ಹಳೆಯ ಬಗೆಯದೇ ಇರಲಿ ಎಂಬುದು ನನ್ನ ಮತ. ನಾಲ್ಕು ಕಾಸು ಉಳಿಸಹೋದರೆ ಇಡೀ ಹೀಟರ್ ಪೆಟ್ಟಿಗೆಯನ್ನು ಮತ್ತೊಮ್ಮೆ ಕಳಚಿ ಇಳಿಸಬೇಕಾದೀತು.