ಗ್ರಾಮೀಣ ಕೆರೆಗಳ ಮಣ್ಣಿನ ಏರಿ: ನೆರೆ ನಿಯಂತ್ರಣದಲ್ಲಿ ಅದರ ಪಾತ್ರ ಹಾಗೂ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಇವುಗಳಲ್ಲಿ ಬಹುಪಾಲು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕಟ್ಟಿದಂತಹವು. ಕೆರೆಯೆಂದೊಡನೆ ನೀರಾವರಿ, ಕುಡಿಯುವ ನೀರು ಹಾಗೂ ಅಂತರ್ಜಲ ನೆನಪಿಗೆ ಬರುವುದು ಸಹಜ. ಆದರೆ ಪ್ರತಿಯೊಂದು ಕೆರೆಯ ಏರಿಯೂ ಒಂದು ಸಣ್ಣ ಅಣೆಕಟ್ಟೇ ಆಗಿದ್ದು, ಕೆಳಭಾಗದ ಹೊಲ, ರಸ್ತೆ ಮತ್ತು ವಸತಿಗಳ ಮೇಲೆ ನೆರೆ ಒಮ್ಮೆಲೇ ಎರಗದಂತೆ ತಡೆಯುತ್ತದೆ. ಏರಿ ಸುಸ್ಥಿತಿಯಲ್ಲಿದ್ದರೆ ಗ್ರಾಮಕ್ಕೆ ರಕ್ಷಣೆ. ಇಲ್ಲವಾದಲ್ಲಿ ಕೆರೆ ಇಲ್ಲದ ಊರಿಗಿಂತಲೂ ಹೆಚ್ಚಿನ ಅಪಾಯ. ಆದ್ದರಿಂದ ಏರಿಯ ಕಾರ್ಯ, ಅದು ಒಡೆಯುವ ಕಾರಣಗಳು ಹಾಗೂ ದೂರು ಸಲ್ಲಿಸುವ ವಿಧಾನವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2. ಕೆರೆಯ ಮುಖ್ಯ ಅಂಗಗಳು

(ಅ) ಏರಿ: ನೀರನ್ನು ತಡೆಹಿಡಿಯುವ ಮಣ್ಣಿನ ಕಟ್ಟೆ. ಅಲೆಗಳ ಹೊಡೆತಕ್ಕೆ ಮಣ್ಣು ಕೊಚ್ಚದಂತೆ ಒಳಮೈಗೆ ಕಲ್ಲು ಹಾಸಲಾಗುತ್ತದೆ. ಮಳೆನೀರಿಗೆ ಕೊರಕಲು ಬೀಳದಂತೆ ಹೊರಮೈಯಲ್ಲಿ ಹುಲ್ಲು ಬೆಳೆಸಲಾಗುತ್ತದೆ.
(ಆ) ತೂಬು: ಅಚ್ಚುಕಟ್ಟಿಗೆ ನೀರು ಬಿಡುವ ಮಾರ್ಗ.
(ಇ) ಕೋಡಿ: ಕೆರೆ ತುಂಬಿದ ನಂತರ ಹೆಚ್ಚುವರಿ ನೀರು ಸುರಕ್ಷಿತವಾಗಿ ಹೊರಹೋಗುವ ಮಾರ್ಗ. ಇದರ ತಲೆಮಟ್ಟವು ಏರಿಯ ನೆತ್ತಿಗಿಂತ ಕೆಳಗಿರುತ್ತದೆ.
(ಈ) ಪೋಷಕ ಕಾಲುವೆ: ಜಲಾನಯನ ಪ್ರದೇಶದ ನೀರನ್ನು ಕೆರೆಗೆ ತರುವ ಹಳ್ಳ ಅಥವಾ ಕಾಲುವೆ.

3. ಏರಿಯು ನೆರೆಯನ್ನು ತಗ್ಗಿಸುವ ಬಗೆ

ಇದನ್ನು ಒಂದು ಉದಾಹರಣೆಯ ಲೆಕ್ಕದಿಂದ ತಿಳಿಯಬಹುದು. ಒಂದು ಕೆರೆಯ ಜಲಾನಯನ ಪ್ರದೇಶ 5 ಚದರ ಕಿಲೋಮೀಟರ್ ಹಾಗೂ ನೀರು ನಿಲ್ಲುವ ವಿಸ್ತೀರ್ಣ 20 ಹೆಕ್ಟೇರ್ ಎಂದಿಟ್ಟುಕೊಳ್ಳೋಣ. ಒಂದೇ ದಿನ 100 ಮಿಲಿಮೀಟರ್ ಮಳೆಯಾದರೆ ಆ ಪ್ರದೇಶದ ಮೇಲೆ ಬೀಳುವ ನೀರು 5 ಲಕ್ಷ ಘನ ಮೀಟರ್. ಇದರಲ್ಲಿ ಶೇಕಡಾ 40 ಭಾಗ ಹರಿದು ಬಂದರೂ 2 ಲಕ್ಷ ಘನ ಮೀಟರ್ ಆಗುತ್ತದೆ. ಈ ನೀರು 20 ಹೆಕ್ಟೇರ್ ಕೆರೆಯಲ್ಲಿ ಸುಮಾರು ಒಂದು ಮೀಟರ್ ಏರಿಕೆಯಾಗಿ ನಿಲ್ಲುತ್ತದೆ. ಏರಿ ಇಲ್ಲದಿದ್ದರೆ ಇಷ್ಟೂ ನೀರು ಕೆಲವೇ ಗಂಟೆಗಳಲ್ಲಿ ಹಳ್ಳದ ಮೂಲಕ ಕೆಳಗಿನ ಊರಿಗೆ ನುಗ್ಗುತ್ತಿತ್ತು.

ಕೆರೆ ಮೊದಲೇ ತುಂಬಿದ್ದಾಗಲೂ ಪ್ರಯೋಜನ ಪೂರ್ತಿ ಇಲ್ಲವಾಗುವುದಿಲ್ಲ. ನೀರು ಕೋಡಿಯ ಮೇಲೆ ಅರ್ಧ ಮೀಟರ್ ಏರಿದರೆ ಇದೇ ಕೆರೆಯಲ್ಲಿ ಒಂದು ಲಕ್ಷ ಘನ ಮೀಟರ್ ನೀರು ತಾತ್ಕಾಲಿಕವಾಗಿ ನಿಂತು, ನಂತರ ನಿಧಾನವಾಗಿ ಹರಿದುಹೋಗುತ್ತದೆ. ಕೆಳಗಿನ ಹಳ್ಳದಲ್ಲಿ ನೆರೆಯ ಎತ್ತರ ಕಡಿಮೆಯಾಗುತ್ತದೆ ಹಾಗೂ ಜನ ಎಚ್ಚೆತ್ತುಕೊಳ್ಳಲು ಸಮಯ ದೊರೆಯುತ್ತದೆ.

ಹೂಳು ತುಂಬಿದಂತೆ ಈ ಸಾಮರ್ಥ್ಯ ಕುಗ್ಗುತ್ತದೆ. ಮೇಲಿನ ಉದಾಹರಣೆಯ ಕೆರೆಯಲ್ಲಿ 30 ಸೆಂಟಿಮೀಟರ್ ಹೂಳು ನಿಂತರೆ 60,000 ಘನ ಮೀಟರ್ ನೀರಿಗೆ ಸ್ಥಳವಿಲ್ಲದಂತಾಗುತ್ತದೆ.

4. ಹಿಂದಿನ ವ್ಯವಸ್ಥೆ

ಏರಿಯ ಪಾಲನೆಗೆ ನಾಡಿನಲ್ಲಿ ದೀರ್ಘ ಪರಂಪರೆಯಿದೆ. ಕೆರೆಯ ದುರಸ್ತಿಗಾಗಿ ಭೂಮಿ ಹಾಗೂ ಬೆಳೆಯ ಪಾಲನ್ನು ಬಿಟ್ಟುಕೊಟ್ಟ ವಿಚಾರವನ್ನು ಶಾಸನಗಳು ದಾಖಲಿಸಿವೆ. ಬಿತ್ತುವಟ್ಟ, ಕೆರೆಗೊಡಗಿ ಮುಂತಾದ ಪದಗಳು ಈ ದತ್ತಿಗಳಿಗೆ ಸಂಬಂಧಿಸಿದವು. ವಿಜಯನಗರ ಕಾಲದ, ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಗೆ ಸೇರಿದ 1369ರ ಪೋರುಮಾಮಿಳ್ಳ ಶಾಸನವು ಉತ್ತಮ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯ 6 ದೋಷಗಳನ್ನೂ ಪಟ್ಟಿ ಮಾಡಿದೆ. ಏರಿಯಿಂದ ನೀರು ಸೋರುವುದು ಆ ದೋಷಗಳಲ್ಲಿ ಒಂದು. ಗ್ರಾಮದ ನೀರುಗಂಟಿಯು ತೂಬು ತೆರೆದು ಮುಚ್ಚುವುದರ ಜೊತೆಗೆ ಮಳೆಗಾಲದಲ್ಲಿ ಏರಿಯ ಮೇಲೆ ಕಣ್ಣಿಟ್ಟಿರುತ್ತಿದ್ದನು. ಹಲವು ಗ್ರಾಮಗಳಲ್ಲಿ ಈ ಕಾವಲು ತಪ್ಪಿಹೋಗಿರುವುದರಿಂದ ಇಂದು ಆ ಹೊಣೆ ಗ್ರಾಮಸ್ಥರೆಲ್ಲರ ಮೇಲಿದೆ.

5. ಏರಿ ಒಡೆಯಲು ಮುಖ್ಯ ಕಾರಣಗಳು

(ಅ) ಏರಿಯ ಮೇಲೆ ನೀರು ಹರಿಯುವುದು: ಮಣ್ಣಿನ ಏರಿಯು ನೀರನ್ನು ತಡೆಯಬಲ್ಲದೇ ಹೊರತು ತನ್ನ ಮೇಲೆ ಹರಿಯುವ ನೀರನ್ನು ತಾಳಲಾರದು. ನೀರು ನೆತ್ತಿ ದಾಟಿದೊಡನೆ ಹೊರಮೈ ಕೊಚ್ಚತೊಡಗುತ್ತದೆ. ಕೋಡಿ ಚಿಕ್ಕದಾಗಿರುವುದು, ಮುಚ್ಚಿಹೋಗಿರುವುದು ಅಥವಾ ಏರಿಯ ನೆತ್ತಿ ತಗ್ಗಾಗಿರುವುದು ಇದಕ್ಕೆ ಕಾರಣ.

(ಆ) ಒಳಸೋರಿಕೆ: ಇಲಿ, ಹೆಗ್ಗಣ ಮತ್ತು ಏಡಿಗಳ ಬಿಲ, ಕೊಳೆತ ಬೇರಿನ ಜಾಡು ಹಾಗೂ ಶಿಥಿಲವಾದ ತೂಬಿನ ಪಕ್ಕದಲ್ಲಿ ನೀರು ದಾರಿ ಮಾಡಿಕೊಂಡು ಒಳಗಿನ ಮಣ್ಣನ್ನು ಹೊರತರುತ್ತದೆ. ಹೊರನೋಟಕ್ಕೆ ಗಟ್ಟಿಯಾಗಿ ಕಂಡರೂ ಏರಿ ಒಳಗೆ ಟೊಳ್ಳಾಗುತ್ತಿರುತ್ತದೆ.

(ಇ) ಮೈ ಜಾರುವುದು: ಏರಿಯ ಬುಡದ ಮಣ್ಣನ್ನು ಅಗೆದು ಸಾಗಿಸುವುದರಿಂದ ಇಳಿಜಾರು ಕಡಿದಾಗಿ, ಮಳೆಯಲ್ಲಿ ನೆನೆದಾಗ ಕುಸಿಯುತ್ತದೆ.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿನ ಸಣ್ಣ ಮಣ್ಣಿನ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಭಾರೀ ಮಳೆಯ ನಡುವೆ ಒಡೆದು, ಕೆಳಗಿನ ಮನೆಗಳು ಕೊಚ್ಚಿಹೋದವು. ಇಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡರು. ಸೋರಿಕೆಯ ಬಗ್ಗೆ ಮೊದಲೇ ತಿಳಿಸಿದ್ದೆವೆಂದು ಗ್ರಾಮಸ್ಥರು ಹೇಳಿದ್ದು ಆಗ ವರದಿಯಾಗಿತ್ತು. ಅಣೆಕಟ್ಟು ಸಣ್ಣದಾದ ಮಾತ್ರಕ್ಕೆ ಅಪಾಯ ಸಣ್ಣದಲ್ಲವೆಂಬುದಕ್ಕೆ ಈ ಘಟನೆ ನಿದರ್ಶನ.

6. ಕೋಡಿಗೆ ಅಡ್ಡಗಟ್ಟುವುದರ ಅಪಾಯ

ಇನ್ನಷ್ಟು ನೀರು ನಿಲ್ಲಲಿ ಎಂಬ ಸದುದ್ದೇಶದಿಂದ ಕೋಡಿಯ ಮೇಲೆ ಮರಳಿನ ಚೀಲ ಅಥವಾ ಕಲ್ಲುಮಣ್ಣು ಪೇರಿಸುವುದು, ಮೀನು ಹೊರಹೋಗದಂತೆ ಬಲೆ ಕಟ್ಟುವುದು ರೂಢಿಯಲ್ಲಿದೆ. ಹಿನ್ನೀರಿನಲ್ಲಿ ಜಮೀನು ಮುಳುಗುವವರಿಗೂ ಅಚ್ಚುಕಟ್ಟಿನ ರೈತರಿಗೂ ಈ ವಿಷಯದಲ್ಲಿ ವ್ಯಾಜ್ಯ ಉಂಟಾಗುವುದೂ ಉಂಟು. ಆದರೆ ಕೋಡಿಯಲ್ಲಿ ಹರಿಯಬಲ್ಲ ನೀರಿನ ಪ್ರಮಾಣ ಅಡ್ಡಗಟ್ಟಿದ ಎತ್ತರಕ್ಕೆ ಸರಿಸಮನಾಗಿ ಇಳಿಯುವುದಿಲ್ಲ. ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ಒಂದು ಮೀಟರ್ ಎತ್ತರಕ್ಕೆ ನೀರು ಹರಿಯಬಲ್ಲ ಕೋಡಿಯನ್ನು ಅರ್ಧ ಮೀಟರ್ ಅಡ್ಡಗಟ್ಟಿದರೆ, ಹೊರಹೋಗುವ ನೀರು ಅರ್ಧಕ್ಕಲ್ಲ, ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಉಳಿದ ನೀರು ಏರಿಯ ಮೇಲೆ ಹತ್ತುತ್ತದೆ. ಹೀಗೆ ಉಳಿಸಿದ ಅರ್ಧ ಮೀಟರ್ ನೀರಿಗಾಗಿ ಇಡೀ ಕೆರೆಯನ್ನೇ ಕಳೆದುಕೊಳ್ಳಬೇಕಾಗಬಹುದು.

ಕೋಲಾರ, ತುಮಕೂರು ಮುಂತಾದ ಜಿಲ್ಲೆಗಳಲ್ಲಿ ಕೆರೆಗಳು ಒಂದರ ಕೋಡಿಯ ನೀರು ಮತ್ತೊಂದಕ್ಕೆ ಸೇರುವಂತೆ ಸರಣಿಯಾಗಿವೆ. ಇಂತಹ ಕಡೆ ಮೇಲಿನ ಒಂದು ಏರಿ ಒಡೆದರೆ ಕೆಳಗಿನ ಕೆರೆಗಳೂ ಒಂದರ ಹಿಂದೆ ಒಂದು ಒಡೆಯುವ ಸಂಭವವಿರುತ್ತದೆ.

7. ಸಾರ್ವಜನಿಕರು ಗಮನಿಸಬೇಕಾದ ಲಕ್ಷಣಗಳು

(1) ಏರಿಯ ಹೊರಬುಡದಲ್ಲಿ ನೀರು ಜಿನುಗುವುದು. ತಿಳಿನೀರು ಸ್ವಲ್ಪ ಪ್ರಮಾಣದಲ್ಲಿ ಜಿನುಗುತ್ತಿದ್ದರೆ ಗುರುತು ಹಾಕಿ ಪ್ರತಿದಿನ ಗಮನಿಸತಕ್ಕದ್ದು. ನೀರು ಕದಡಿ ಕೆಂಪಾಗಿ ಬರುತ್ತಿದ್ದರೆ ಅಥವಾ ಪ್ರಮಾಣ ಹೆಚ್ಚುತ್ತಿದ್ದರೆ ಒಳಗಿನ ಮಣ್ಣು ಹೋಗುತ್ತಿದೆಯೆಂದು ಅರ್ಥ, ತಕ್ಷಣ ತಿಳಿಸತಕ್ಕದ್ದು.
(2) ಏರಿಯ ನೆತ್ತಿಯಲ್ಲಿ ಉದ್ದುದ್ದ ಬಿರುಕು, ತಗ್ಗು ಅಥವಾ ಗುಂಡಿ.
(3) ತೂಬು ಮುಚ್ಚಿದ್ದರೂ ನೀರು ಬರುವುದು ಅಥವಾ ತೂಬಿನ ಮೇಲ್ಭಾಗದಲ್ಲಿ ಮಣ್ಣು ಕುಸಿಯುವುದು.
(4) ಕೆರೆಯೊಳಗೆ, ಏರಿಯ ಸಮೀಪ ನೀರು ಸುಳಿ ತಿರುಗುವುದು.
(5) ಒಳಮೈಯ ಕಲ್ಲುಹಾಸು ಕಳಚಿರುವುದು.
(6) ಏರಿಯ ಮೇಲೆ ಜಾಲಿ ಮುಂತಾದ ಗಿಡಮರ ದಟ್ಟವಾಗಿ ಬೆಳೆದು ಬಿಲ ಮತ್ತು ಬಿರುಕುಗಳನ್ನು ಮರೆಮಾಡಿರುವುದು.

8. ಮಾಡಬಾರದ ಕಾರ್ಯಗಳು

(1) ಕೋಡಿಯನ್ನು ಎತ್ತರಿಸುವುದು, ಕಿರಿದುಗೊಳಿಸುವುದು ಅಥವಾ ಕೋಡಿಹಳ್ಳವನ್ನು ಒತ್ತುವರಿ ಮಾಡುವುದು.
(2) ಅನುಮತಿಯಿಲ್ಲದೆ ಹೂಳು ತೆಗೆಯುವುದು ಹಾಗೂ ಏರಿಯ ಬುಡದಲ್ಲಿ ಮಣ್ಣು ಅಗೆಯುವುದು.
(3) ಕೆರೆ ತುಂಬಿದಾಗ ಏರಿಯನ್ನು ತಾವಾಗಿಯೇ ಕಡಿಯುವುದು. ಕಡಿದ ಕಂಡಿಯು ಕ್ಷಣಮಾತ್ರದಲ್ಲಿ ಅಗಲವಾಗಿ ಹತೋಟಿ ತಪ್ಪುತ್ತದೆ.
(4) ಏರಿಯ ಹೊರಮೈಯಲ್ಲಿ ಉಳುಮೆ ಮಾಡುವುದು ಅಥವಾ ಪೈಪು ಹಾಯಿಸಲು ಏರಿಯನ್ನು ಕೊರೆಯುವುದು.

ನೀರಾವರಿ ಕಾಮಗಾರಿಗಳಿಗೆ ಅನಧಿಕೃತವಾಗಿ ಹಾನಿ ಮಾಡುವುದು ಕರ್ನಾಟಕ ನೀರಾವರಿ ಅಧಿನಿಯಮ, 1965ರಂತೆ ದಂಡನಾರ್ಹ ಅಪರಾಧವಾಗಿರುತ್ತದೆ. ಕೆರೆಗಳ ಸಂರಕ್ಷಣೆಗೆ 2014ರಲ್ಲಿ ಪ್ರತ್ಯೇಕ ಅಧಿನಿಯಮವನ್ನೂ ರೂಪಿಸಲಾಗಿದೆ.

9. ಅರ್ಜಿ ಅಥವಾ ದೂರು ಎಲ್ಲಿ ಸಲ್ಲಿಸಬೇಕು

(1) 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಜಿಲ್ಲಾ ಪಂಚಾಯತ್ ವ್ಯಾಪ್ತಿಗೆ ಸೇರುತ್ತವೆ. ಗ್ರಾಮ ಪಂಚಾಯತಿಯ ಮೂಲಕ ಅರ್ಜಿ ಸಲ್ಲಿಸಬಹುದು.
(2) 40ಕ್ಕಿಂತ ಹೆಚ್ಚು, 2,000 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಸಂಬಂಧಪಟ್ಟ ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಅವರಿಗೆ ಅರ್ಜಿ ಸಲ್ಲಿಸತಕ್ಕದ್ದು.
(3) ಕೆರೆಯಂಗಳ ಹಾಗೂ ಕಾಲುವೆ ಒತ್ತುವರಿ ಬಗ್ಗೆ ತಹಶೀಲ್ದಾರರಿಗೆ ದೂರು ನೀಡಬಹುದು.
(4) ತುರ್ತು ಸಂದರ್ಭದಲ್ಲಿ ಅರ್ಜಿ ಬರೆಯುತ್ತ ಕೂರದೆ ಜಿಲ್ಲಾ ವಿಪತ್ತು ಸಹಾಯವಾಣಿ 1077 ಅಥವಾ 112ಕ್ಕೆ ಕರೆ ಮಾಡತಕ್ಕದ್ದು. ಕೆಳಭಾಗದ ನಿವಾಸಿಗಳನ್ನು ಕೂಡಲೇ ಎಚ್ಚರಿಸತಕ್ಕದ್ದು.

ಅರ್ಜಿಯಲ್ಲಿ ಕೆರೆಯ ಹೆಸರು, ಗ್ರಾಮ, ಸರ್ವೆ ನಂಬರ್, ತೂಬು ಅಥವಾ ಕೋಡಿಯಿಂದ ದೋಷವಿರುವ ಸ್ಥಳಕ್ಕೆ ಇರುವ ಅಂದಾಜು ದೂರ, ಮೊದಲು ಕಂಡ ದಿನಾಂಕ ಮತ್ತು ನೀರು ತಿಳಿಯೋ ಕದಡೋ ಎಂಬುದನ್ನು ನಮೂದಿಸಿ, ಸಾಧ್ಯವಾದರೆ ಛಾಯಾಚಿತ್ರ ಲಗತ್ತಿಸುವುದು. ಸ್ವೀಕೃತಿ ಪಡೆದು ಇಟ್ಟುಕೊಳ್ಳುವುದು. ಕ್ರಮದ ಬಗ್ಗೆ ಉತ್ತರ ಬಾರದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೆರೆಯ ಪರಿಶೀಲನೆ ಹಾಗೂ ದುರಸ್ತಿಯ ದಾಖಲೆಗಳನ್ನು ಕೋರಬಹುದು.

10. ವಿಶೇಷ ಸೂಚನೆ

ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021 ಮುಖ್ಯವಾಗಿ 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವು ಉದ್ದ, ಸಂಗ್ರಹ ಸಾಮರ್ಥ್ಯ ಮುಂತಾದ ಷರತ್ತುಗಳಿಗೆ ಒಳಪಟ್ಟಲ್ಲಿ ಮಾತ್ರ ಅದರ ವ್ಯಾಪ್ತಿಗೆ ಬರುತ್ತವೆ. ಬಹುಪಾಲು ಗ್ರಾಮೀಣ ಕೆರೆಗಳ ಏರಿಗಳು ಇದಕ್ಕಿಂತ ತಗ್ಗಾಗಿರುವುದರಿಂದ ಆ ಅಧಿನಿಯಮದಲ್ಲಿ ವಿಧಿಸಿರುವ ನಿಯತಕಾಲಿಕ ತಪಾಸಣೆ ಅವುಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಪ್ರತಿದಿನ ಏರಿಯ ಮೇಲೆ ನಡೆದಾಡುವ ರೈತರು, ಕುರಿಗಾಹಿಗಳು ಹಾಗೂ ಮೀನುಗಾರರು ಸಕಾಲದಲ್ಲಿ ನೀಡುವ ಮಾಹಿತಿಯೇ ಅತ್ಯಂತ ಮುಖ್ಯವಾದುದು. ಮುಂಗಾರಿಗೆ ಮುನ್ನ ಒಮ್ಮೆ, ಕೆರೆ ತುಂಬುವಾಗ ಒಮ್ಮೆ ಹಾಗೂ ಕೋಡಿ ಹರಿಯುವಷ್ಟು ದಿನವೂ ಏರಿಯನ್ನು ಪರಿಶೀಲಿಸಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.