ವಿಂಡೋಸ್ 11 ಹಾಕಿದ ಮೇಲೆ ಹಳೆಯ ಲೆಕ್ಕದ ಸಾಫ್ಟ್‌ವೇರ್ ತೆರೆಯುತ್ತಿಲ್ಲವೇ? ಡೇಟಾ ಅಳಿಸಿಹೋಗಿದೆ ಎಂದುಕೊಳ್ಳಬೇಡಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ಅದರ ಹಿಂದೆಮುಂದೆ ಎಷ್ಟೋ ಅಂಗಡಿ, ಗಿರಣಿ, ಸಂಘಗಳ ಕಂಪ್ಯೂಟರುಗಳಿಗೆ ವಿಂಡೋಸ್ 11 ಬಂತು. ಹಾಕಿಸಿದ ಮರುದಿನ ಕೇಳಿಬರುವ ದೂರು ಒಂದೇ: "ಅಪ್‌ಗ್ರೇಡ್ ಮಾಡಿದ್ದಕ್ಕೆ ಹಳೇ ಲೆಕ್ಕ ಎಲ್ಲಾ ಹೋಯ್ತು."

ಇದು ನಿಜವೇ? ಹೆಚ್ಚಿನ ಸಲ ಅಲ್ಲ. ಡೇಟಾ ಡಿಸ್ಕ್‌ನಲ್ಲೇ ಇರುತ್ತದೆ, ಅದನ್ನು ತಲುಪುವ ದಾರಿ ಮಾತ್ರ ತಪ್ಪಿರುತ್ತದೆ. ಡೇಟಾ ನಿಜವಾಗಿ ಹೋಗುವುದು ಆಮೇಲೆ ಗಾಬರಿಯಲ್ಲಿ ಮಾಡುವ ರಿಪೇರಿಯಿಂದ.

ಅರ್ಥಮಾಡಿಕೊಳ್ಳಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದಲ್ಲಿ ಗೊಬ್ಬರ, ಬಿತ್ತನೆ ಬೀಜದ ಮುಖ್ಯ ಅಂಗಡಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ಶಾಖೆಗಳು. ಆಲೂಗಡ್ಡೆ, ತಂಬಾಕು ಬೆಳೆಗಾರರಿಗೆ ಕೊಟ್ಟ ಸಾಲದ ಬಾಕಿಯೆಲ್ಲ 20 ವರ್ಷದ ಹಿಂದೆ ವಿಷುವಲ್ ಬೇಸಿಕ್ 6ರಲ್ಲಿ ಬರೆಸಿದ ಸಾಫ್ಟ್‌ವೇರಿನಲ್ಲಿದೆ. ಬರೆದುಕೊಟ್ಟವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಬಾಕಿಯ ಪಟ್ಟಿ ಕಳೆದುಹೋದರೆ ನಷ್ಟ ಅಂಗಡಿಗೆ ಮಾತ್ರವಲ್ಲ, ಹಣ ಕಟ್ಟಿಯೂ ರಸೀದಿ ಇಟ್ಟುಕೊಳ್ಳದ ರೈತನಿಗೂ ಹೌದು.

ಮೊದಲು ಹತ್ತು ದಿನದ ಲೆಕ್ಕ

ಅಪ್‌ಗ್ರೇಡ್ ಮಾಡಿದಾಗ ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್ ಉಳಿಯುತ್ತದೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಹೊಸದಾಗಿ ಹಾಕಿದರೂ ಇದು ಸಿಗುತ್ತದೆ, ಹಳೆಯ ಪ್ರೋಗ್ರಾಂ ಫೈಲ್ಸ್ ಮತ್ತು ಬಳಕೆದಾರರ ಫೋಲ್ಡರುಗಳು ಆಗ ಅದರೊಳಗೆ ಹೋಗಿರುತ್ತವೆ. ಆದರೆ ಹತ್ತು ದಿನ ಕಳೆದ ಮೇಲೆ ವಿಂಡೋಸ್ ಇದನ್ನು ತಾನಾಗಿಯೇ ಅಳಿಸುತ್ತದೆ. ಆದ್ದರಿಂದ ಬೇರೆ ಯಾವ ಪ್ರಯೋಗಕ್ಕೂ ಮುಂಚೆ ಈ ಫೋಲ್ಡರನ್ನೂ ಡೇಟಾ ಇರಬಹುದಾದ ಇತರ ಫೋಲ್ಡರುಗಳನ್ನೂ ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಸಾಫ್ಟ್‌ವೇರನ್ನು ಮತ್ತೆ ಇನ್‌ಸ್ಟಾಲ್ ಮಾಡುವುದು, ಹಳೆಯ ಬ್ಯಾಕಪ್ ಹಾಕುವುದು ಎಲ್ಲ ಆಮೇಲೆ. ಖಾಲಿ ಡೇಟಾಬೇಸ್ ಫೈಲು ತುಂಬಿದ ಫೈಲಿನ ಮೇಲೆ ಕೂರುವುದು ಹೀಗೆ ಆತುರಪಟ್ಟಾಗಲೇ.

ಹೊಳೆನರಸೀಪುರದ ಕಂಪ್ಯೂಟರಿನಲ್ಲಿ 32 ಬಿಟ್‌ನ ವಿಂಡೋಸ್ 10 ಇತ್ತು ಎನ್ನೋಣ. ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ, ಹಾಗಾಗಿ ನೇರ ಅಪ್‌ಗ್ರೇಡ್ ಇಲ್ಲ, ಹೊಸದಾಗಿಯೇ ಹಾಕಬೇಕು. ಆಗ ಸಾಫ್ಟ್‌ವೇರಿಗೆ ಡೇಟಾಬೇಸ್ ಎಲ್ಲಿದೆ ಎಂದು ಹೇಳುತ್ತಿದ್ದ ವಿಳಾಸ, ಅಂದರೆ ಡಿಎಸ್‌ಎನ್, ಹೋಗಿರುತ್ತದೆ. 'ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್' ಎಂಬ ಸಂದೇಶದ ಅರ್ಥ ಇಷ್ಟೇ. ಇದನ್ನು ಮತ್ತೆ ಬರೆಯಲು ವಿಂಡೋಸ್‌ನಲ್ಲಿ ಒಡಿಬಿಸಿ ಎಂಬ ಸಾಧನ ಎರಡು ಪ್ರತಿಗಳಲ್ಲಿದೆ: 32 ಬಿಟ್‌ನದು, 64 ಬಿಟ್‌ನದು. ವಿಷುವಲ್ ಬೇಸಿಕ್ 6ರ ಪ್ರೋಗ್ರಾಂ 32 ಬಿಟ್‌ನದಾದ್ದರಿಂದ ವಿಳಾಸವನ್ನು 32 ಬಿಟ್‌ನ ಸಾಧನದಲ್ಲೇ ಬರೆಯಬೇಕು. ತಮಾಷೆಯೆಂದರೆ 64 ಬಿಟ್‌ನ ಸಾಧನ ಇರುವ ಫೋಲ್ಡರಿನ ಹೆಸರು ಸಿಸ್ಟಮ್32, 32 ಬಿಟ್‌ನದು ಇರುವುದು ಸಿಸ್‌ವೌ64ರಲ್ಲಿ. ಅನುಭವಸ್ಥರೂ ಇಲ್ಲಿ ಎಡವುತ್ತಾರೆ. ವಿಳಾಸವನ್ನು 'ಸಿಸ್ಟಮ್ ಡಿಎಸ್‌ಎನ್' ಆಗಿ ಬರೆದರೆ ಆ ಕಂಪ್ಯೂಟರಿನ ಎಲ್ಲ ಬಳಕೆದಾರರಿಗೂ ಸಿಗುತ್ತದೆ.

ಲೆಕ್ಕ ತೆರೆಯಿತು, ಆದರೆ ಹಳೆಯದು!

ಅರಕಲಗೂಡಿನ ಶಾಖೆಯಲ್ಲಿ ಸಾಫ್ಟ್‌ವೇರ್ ಸರಿಯಾಗಿಯೇ ತೆರೆಯುತ್ತದೆ, ಆದರೆ ಅದರಲ್ಲಿ ಇರುವುದು ಹತ್ತು ವರ್ಷದ ಹಿಂದಿನ ಬಾಕಿ, ಅಥವಾ ಏನೂ ಇಲ್ಲ. ಜನ ಹೆಚ್ಚು ಹೆದರುವುದು ಇದಕ್ಕೇ. ಕಾರಣ ವಿಂಡೋಸ್ ವಿಸ್ಟಾ ಕಾಲದಷ್ಟು ಹಳೆಯದು. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಸಾಮಾನ್ಯ ಪ್ರೋಗ್ರಾಂಗಳು ಬರೆಯುವುದನ್ನು ವಿಸ್ಟಾ ತಡೆಯಿತು. ಆದರೆ ಹಳೆಯ ಸಾಫ್ಟ್‌ವೇರುಗಳು ಡೇಟಾವನ್ನು ಅಲ್ಲೇ ಇಡುತ್ತಿದ್ದವು. ಅವು ಕೆಟ್ಟು ನಿಲ್ಲಬಾರದೆಂದು ವಿಂಡೋಸ್ ಒಂದು ಉಪಾಯ ಮಾಡಿತು: ಬರೆದದ್ದನ್ನೆಲ್ಲ ಸದ್ದಿಲ್ಲದೆ ಬಳಕೆದಾರರ ಖಾತೆಯ ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಎಂಬ ಫೋಲ್ಡರಿಗೆ ಕಳಿಸುವುದು. ಅಂದರೆ ಅಂಗಡಿಯವರು ಇಷ್ಟು ವರ್ಷ ಬರೆದದ್ದು ಅಲ್ಲಿರುತ್ತದೆ, ಪ್ರೋಗ್ರಾಂ ಫೈಲ್ಸ್‌ನಲ್ಲಿ ಇರುವುದು ಮೊದಲ ದಿನದ ಪ್ರತಿ. ಹೊಸ ಖಾತೆ ಮಾಡಿಕೊಂಡರೆ ಹೊಸ ಖಾತೆಗೆ ಆ ಫೋಲ್ಡರ್ ಕಾಣುವುದಿಲ್ಲ. 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಒತ್ತಿದರೂ ಇದೇ ಕಥೆ, ಆಗ ಪ್ರೋಗ್ರಾಂ ಮೂಲ ಪ್ರತಿಯನ್ನೇ ಓದುತ್ತದೆ. ಏನೇ ತೊಂದರೆಯಾದರೂ ಎಲ್ಲರೂ ಮೊದಲು ಕೊಡುವ ಸಲಹೆ ಇದೇ ಎಂಬುದನ್ನು ನೆನಪಿಡಿ.

ಅಡಗಿಸಿದ ಫೋಲ್ಡರುಗಳನ್ನು ತೋರಿಸುವ ಆಯ್ಕೆ ಹಾಕಿ, ಹಳೆಯ ಖಾತೆಯ ವರ್ಚುವಲ್‌ಸ್ಟೋರ್ ಹುಡುಕಿ, ತಾರೀಖು ನೋಡಿ ಇತ್ತೀಚಿನ ಫೈಲನ್ನು ಎತ್ತಿಕೊಳ್ಳಿ. ಆಮೇಲೆ ಸಾಫ್ಟ್‌ವೇರನ್ನೂ ಡೇಟಾವನ್ನೂ ಪ್ರೋಗ್ರಾಂ ಫೈಲ್ಸ್‌ನಿಂದ ಹೊರಗಿಡಿ.

ತೆರೆದ ಮೇಲೆ ತಾರೀಖುಗಳ ಮೇಲೂ ಕಣ್ಣಿಡಬೇಕು. ಹೊಸ ವಿಂಡೋಸ್ ಅಮೆರಿಕದ ಪದ್ಧತಿಯಲ್ಲಿದ್ದರೆ 05/04 ಎಂದು ಬರೆದ ಏಪ್ರಿಲ್ 5, ಮೇ 4 ಆಗುತ್ತದೆ. 13/04 ಎಂದರೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ವಿಷುವಲ್ ಬೇಸಿಕ್ ಅದನ್ನು ಏಪ್ರಿಲ್ 13 ಎಂದೇ ಓದುತ್ತದೆ. ಹೀಗೆ ತಿಂಗಳ ಮೊದಲ 12 ದಿನಗಳ ಲೆಕ್ಕ ಅಡ್ಡಾದಿಡ್ಡಿ, ಉಳಿದದ್ದು ಸರಿ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ಬಡ್ಡಿ ಮಾತ್ರ ತಪ್ಪುತ್ತದೆ. ನಮ್ಮ ಪ್ರಕಾರ ತೆರೆಯದ ಸಾಫ್ಟ್‌ವೇರಿಗಿಂತ ಇದು ಅಪಾಯಕಾರಿ. ರೀಜನ್ ಸೆಟ್ಟಿಂಗಿನಲ್ಲಿ ಭಾರತದ ಪದ್ಧತಿ ಆರಿಸಿದ ಮೇಲೆಯೇ ಹೊಸ ಬಿಲ್ ಹಾಕಿ.

ಹಾಸನದಲ್ಲೇ ಇನ್ನೊಂದು ಕೋಣೆಯ ಕಂಪ್ಯೂಟರಿನಲ್ಲಿ ಡೇಟಾ ಇದ್ದರೆ ತೊಂದರೆ ಬೇರೆ. ಎಕ್ಸ್‌ಪಿ ಕಾಲದ ಕಂಪ್ಯೂಟರುಗಳು ಫೈಲು ಹಂಚಲು ಬಳಸುವುದು ಎಸ್‌ಎಂಬಿ1 ಎಂಬ ಕ್ರಮವನ್ನು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಹರಡಿದ್ದು ಇದರ ದೋಷದಿಂದ. ಈಗಿನ ವಿಂಡೋಸ್‌ನಲ್ಲಿ ಅದು ತಾನಾಗಿ ಇರುವುದಿಲ್ಲ. ಅದನ್ನು ಮತ್ತೆ ಚಾಲೂ ಮಾಡಿ ಎನ್ನುವ ವಿಡಿಯೋಗಳಿವೆ, ಮಾಡಬೇಡಿ. ಫೈಲನ್ನು ಹೊಸ ಕಂಪ್ಯೂಟರಿಗೆ ಸಾಗಿಸುವುದೇ ಒಳ್ಳೆಯದು. ಡೇಟಾ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದ್ದರೆ ಹೆಸರಿನ ಬದಲು ಐಪಿ ವಿಳಾಸ ಕೊಟ್ಟು ನೋಡಿ, ಫೈರ್‌ವಾಲ್‌ನಲ್ಲಿ 1433ನೇ ಪೋರ್ಟ್ ತೆರೆದಿದೆಯೇ ನೋಡಿ. ಚನ್ನರಾಯಪಟ್ಟಣದಿಂದ ತಲುಪಬೇಕೆಂದು ಆ ಪೋರ್ಟನ್ನು ನೇರವಾಗಿ ಇಂಟರ್‌ನೆಟ್ಟಿಗೆ ಬಿಡುವುದು ಬೇಡ, ವಿಪಿಎನ್ ಬಳಸಿ.

ರೈತರ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ? ಅದು ವೈರಸ್ ಅಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ, ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತಿತ್ತು. ಅದೇ ಫಾಂಟನ್ನು ಮತ್ತೆ ಹಾಕಿದರೆ ಹೆಸರುಗಳು ಮರಳುತ್ತವೆ. ಕನ್ನಡ ಬರಲಿ ಎಂದು ರೀಜನ್ ಸೆಟ್ಟಿಂಗಿನ 'ಯುಟಿಎಫ್-8 ಬೀಟಾ' ಎಂಬ ಚೌಕಕ್ಕೆ ಟಿಕ್ ಹಾಕಬೇಡಿ. ಯೂನಿಕೋಡ್ ಅರಿಯದ ಹಳೆಯ ಪ್ರೋಗ್ರಾಂ ಆಗ ಆ ಸಂಕೇತಗಳನ್ನು ತಪ್ಪಾಗಿ ಓದುತ್ತದೆ, ಸೇವ್ ಒತ್ತಿದರೆ ತಪ್ಪನ್ನೇ ಡೇಟಾಬೇಸಿಗೆ ಬರೆಯುತ್ತದೆ.