ಮಧುಮೇಹಿಗಳ ಮರಣಕ್ಕೆ ಕಾರಣವೇನು?

ಮಧುಮೇಹಿಗಳ ಮರಣಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಹೃದಯ ಹಾಗೂ ರಕ್ತನಾಳಗಳ ರೋಗ. ನಮ್ಮ ಮನೆಗಳಲ್ಲಿ ಮಾತೆಲ್ಲ ಸಕ್ಕರೆಯ ಅಂಕಿಯ ಸುತ್ತಲೇ ನಡೆಯುವುದರಿಂದ ಈ ಸಂಗತಿ ಹಿಂದೆ ಸರಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಗಿದ್ದು, ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವರೆಂದು ಅಂದಾಜಿಸಿದೆ.

ನೂರು ವರ್ಷಗಳ ಹಿಂದೆ ಸ್ಥಿತಿ ಬೇರೆಯಾಗಿತ್ತು. ಎಳೆಯರಿಗೆ ಈ ರೋಗ ಬಂದರೆ ದೇಹವು ಕೊಬ್ಬನ್ನು ಕರಗಿಸಿಕೊಳ್ಳತೊಡಗಿ, ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರಿ, ಪ್ರಜ್ಞೆ ತಪ್ಪಿ ಸಾವು ಬರುತ್ತಿತ್ತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲ ಬಾರಿ ಚುಚ್ಚಲಾಯಿತು. ರೋಗಿಗಳು ದೀರ್ಘಕಾಲ ಬದುಕತೊಡಗಿದ ಮೇಲೆಯೇ ನಿಧಾನವಾಗಿ ಬೆಳೆಯುವ ತೊಡಕುಗಳು ಕಣ್ಣಿಗೆ ಬಿದ್ದವು.

ಇವುಗಳಲ್ಲಿ ಹೆಚ್ಚು ಮೋಸಗೊಳಿಸುವಂಥದು ನೋವಿಲ್ಲದ ಹೃದಯಾಘಾತ. ವರ್ಷಗಟ್ಟಲೆಯ ಸಕ್ಕರೆಯಿಂದ ನರಗಳು ಜಡವಾದವರಿಗೆ ಎದೆನೋವು ತಿಳಿಯದಿರಬಹುದು. ಉಬ್ಬಸ, ತಣ್ಣನೆಯ ಬೆವರು, ಹೊಟ್ಟೆ ತೊಳಸುವಿಕೆ, ಕಾರಣವಿಲ್ಲದ ಸುಸ್ತು ಇವಿಷ್ಟೇ ಲಕ್ಷಣಗಳು. ಅಜೀರ್ಣವೆಂದು ಜೀರಿಗೆ ಕಷಾಯ ಕುಡಿದು ಮಲಗುವವರು ನಮ್ಮಲ್ಲಿ ಕಡಿಮೆಯೇನಲ್ಲ. ಮಧುಮೇಹಿಗೆ ಹೀಗಾದಾಗ ಕೂಡಲೇ ಇಸಿಜಿ ತೆಗೆಸಬೇಕು.

ಮೂತ್ರಪಿಂಡವೂ ಸದ್ದಿಲ್ಲದೆ ಕೆಡುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಸೋರುವುದು ಅದರ ಮೊದಲ ಸುಳಿವು. ಕಾಲಿನಲ್ಲಿ ಸ್ಪರ್ಶಜ್ಞಾನ ಕುಂದಿದವರಿಗೆ ಚಪ್ಪಲಿ ಕಚ್ಚಿದ ಗಾಯವೇ ಕೊಳೆತು ರಕ್ತಕ್ಕೆ ನಂಜೇರಬಹುದು. ಪಾರ್ಶ್ವವಾಯುವಿನ ಸಂಭವ ಹೆಚ್ಚು, ಕ್ಷಯವಂತೂ ಎರಡು ಮೂರು ಪಟ್ಟು ಹೆಚ್ಚು. 2021ರಲ್ಲಿ ಕೋವಿಡ್ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರಕ್ಕೆ ತುತ್ತಾದವರಲ್ಲಿ ಮಧುಮೇಹಿಗಳೇ ಬಹುಪಾಲು.

ಹಾಗಾದರೆ ಸಕ್ಕರೆಯನ್ನು ಆದಷ್ಟೂ ಇಳಿಸಿದರೆ ಸಾಕೆ? ಬ್ರಿಟನ್ನಿನಲ್ಲಿ 1977ರಿಂದ 5,102 ರೋಗಿಗಳನ್ನು ಸೇರಿಸಿಕೊಂಡು ನಡೆದ ಅಧ್ಯಯನದ ಫಲಿತಾಂಶ 1998ರಲ್ಲಿ ಹೊರಬಂತು. ಸಕ್ಕರೆಯ ಬಿಗಿ ಹತೋಟಿಯಿಂದ ಕಣ್ಣು, ಮೂತ್ರಪಿಂಡ ಮೊದಲಾದ ಸೂಕ್ಷ್ಮ ರಕ್ತನಾಳಗಳ ತೊಡಕು ಶೇ. 25ರಷ್ಟು ತಗ್ಗಿತ್ತು. ಅದೇ ಅಧ್ಯಯನದಲ್ಲಿ ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಮಧುಮೇಹಸಂಬಂಧಿ ಮರಣಗಳು ಶೇ. 32ರಷ್ಟು ಕಡಿಮೆಯಾಗಿದ್ದವು. ಬಿ.ಪಿ. ಮಾತ್ರೆಯನ್ನು ನಡುವೆ ಬಿಟ್ಟುಬಿಡುವವರು ಈ ಅಂಕಿಯನ್ನು ಗಮನಿಸಬೇಕೆಂದು ನಮ್ಮ ವಿನಂತಿ. ಇನ್ನೊಂದೆಡೆ, ಅಮೆರಿಕದ ಅಕಾರ್ಡ್ ಅಧ್ಯಯನದಲ್ಲಿ ಸಕ್ಕರೆಯನ್ನು ಅತಿಯಾಗಿ ಇಳಿಸಹೊರಟ ಗುಂಪಿನಲ್ಲಿ ಸಾವುಗಳು ಹೆಚ್ಚಿದ್ದರಿಂದ 2008ರಲ್ಲಿ ಆ ಚಿಕಿತ್ಸಾಕ್ರಮವನ್ನೇ ನಿಲ್ಲಿಸಬೇಕಾಯಿತು. ಏಕಾದಶಿಯ ಉಪವಾಸದ ದಿನವೂ ಎಂದಿನ ಮಾತ್ರೆ ನುಂಗುವ ಹಿರಿಯರಿಗೆ ಸಕ್ಕರೆ ಕುಸಿಯುವ ಅಪಾಯ ಚಿಕ್ಕದಲ್ಲ; ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ನಿರ್ಧರಿಸಬೇಕು.

ಕಾಗದಪತ್ರದ ಮಾತೊಂದಿದೆ. ನಾವು ಪಡೆಯುವ ನಗರಪಾಲಿಕೆಯ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಕಾರಣವನ್ನು ವೈದ್ಯರು ಬೇರೆ ನಮೂನೆಯಲ್ಲಿ ಬರೆಯುತ್ತಾರೆ: ಮೊದಲ ಭಾಗದಲ್ಲಿ ಸಾವಿಗೆ ನೇರವಾಗಿ ಒಯ್ದ ಕಾರಣಗಳ ಸರಣಿ, ಎರಡನೆಯದರಲ್ಲಿ ಪೂರಕ ರೋಗಗಳು. ಮಧುಮೇಹ ಅನೇಕ ಸಲ ಎರಡನೆಯ ಭಾಗಕ್ಕೆ ಸರಿಯುತ್ತದೆ, ಕೆಲವೊಮ್ಮೆ ಎಲ್ಲಿಯೂ ಇರುವುದಿಲ್ಲ. ಮನೆಯವರ ನೆನಪಿನಲ್ಲಿ ಉಳಿಯುವುದು "ಹಾರ್ಟ್ ಅಟ್ಯಾಕ್" ಎಂಬ ಮಾತು ಮಾತ್ರ. ತಂದೆಗೋ ತಾಯಿಗೋ ಸಕ್ಕರೆ ಕಾಯಿಲೆ ಇತ್ತೆಂಬುದು ತಿಳಿಯದೆ ಮಕ್ಕಳು ನಲವತ್ತು ದಾಟಿದರೂ ಒಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಿಕೊಂಡಿರುವುದಿಲ್ಲ. ವೈದ್ಯರು ಮನೆತನದ ರೋಗಗಳ ಬಗ್ಗೆ ಕೇಳಿದಾಗ ಹೃದಯಾಘಾತದ ಜೊತೆ ಮಧುಮೇಹವನ್ನೂ, ಅದು ಯಾವ ವಯಸ್ಸಿನಲ್ಲಿ ಆರಂಭವಾಯಿತೆಂಬುದನ್ನೂ ಹೇಳಬೇಕು.